ಹೆಸರಿನ ನಡುವೆ ಮಾವ

ಎಪ್ಪತ್ತರ ದಶಕದ ನಡುವಿನ ಮಾತು. ಬಹರೈನಿನಿಂದ ಅಪ್ಪ ಕಳಿಸಿದ ಎನ್‌ಒಸಿ ಮುಂಬಯಿಯ ಬಾಂದ್ರಾದ ಚಾಳಿನ ನಮ್ಮ ಕೋಣೆಗೆ ಬಂದಾಗ ನನಗೆ ಇಪ್ಪತ್ತು ವರ್ಷ. ಮಗ ಬಂದು ತಂದೆಯನ್ನು ನೋಡಿ ಹೋಗಲು ಅಡ್ಡಿಯಿಲ್ಲ ಎಂದು ಆ ಪುಟ್ಟ ದೇಶದವರು ಕೊಟ್ಟ ಕಾಗದ ಅದು. ಎರಡು ತಿಂಗಳೊಳಗೆ ಹೋಗದಿದ್ದರೆ ಅದು ರದ್ದಿಗೆ ಸಮ.

ಅಪ್ಪ ಹಡಗು ಹತ್ತಿದಾಗ ನನಗೆ ಐದು ವರ್ಷ. ಅಲ್ಲಿ ಒಂದು ಕಂಪನಿಯ ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದರು. ಪ್ರತಿ ವರ್ಷ ‘ಮುಂದಿನ ವರ್ಷ ಬರುತ್ತೇನೆ’ ಎಂದು ಬರೆಯುತ್ತಿದ್ದವರು ಈ ಸಲ ‘ನನ್ನಿಂದ ಆಗುವುದಿಲ್ಲ, ನೀನೇ ಬಾ’ ಎಂದಿದ್ದರು. ಅವರ ಮುಖ ನನಗೆ ನೆನಪಿರಲಿಲ್ಲ. ಮನೆಯಲ್ಲಿದ್ದ ಒಂದೇ ಒಂದು ಫೋಟೋದಲ್ಲಿ ಅವರು ಕಣ್ಣು ಮುಚ್ಚಿದ್ದರು. ಕಣ್ಣು ತೆರೆದ ಅಪ್ಪನನ್ನು ಒಮ್ಮೆ ನೋಡಬೇಕಿತ್ತು, ಅಷ್ಟೇ.

ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ, ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲೇ ನಾನು ಬೆಲ್‌ಬಾಟಮ್ ಹೊಲಿಸಿದೆ. ಸಿಡುಬಿನದೂ ಕಾಲರಾದ್ದೂ ಚುಚ್ಚಿಸಿಕೊಂಡು ಎರಡೂ ತೋಳು ಊದಿಸಿಕೊಂಡೆ. ಅಮ್ಮ ಹಲಸಿನ ಹಪ್ಪಳ ಕಟ್ಟಿಟ್ಟಳು, ಮಿಡಿ ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಸುತ್ತಿದಳು. ವಿಮಾನ ವಾಲಿದರೆ ರಸ ಚೆಲ್ಲುತ್ತದೋ ಏನೋ ಎಂಬುದೊಂದೇ ಅವಳ ಚಿಂತೆ.

ಫೋರ್ಟ್ ಬಡಾವಣೆಯ ಟ್ರಾವೆಲ್ ಏಜೆಂಟ್ ಒಬ್ಬ ನನ್ನ ಪಾಸ್‌ಪೋರ್ಟಿನ ಫಾರ್ಮು ತುಂಬಲು ಕುಳಿತ. ಎನ್‌ಒಸಿಯನ್ನು ಒಂದು ಕಡೆ ಇಟ್ಟ, ನನ್ನ ಸ್ಕೂಲ್ ಸರ್ಟಿಫಿಕೇಟನ್ನು ಇನ್ನೊಂದು ಕಡೆ ಇಟ್ಟ. ಅದನ್ನು ನೋಡಿದ, ಇದನ್ನು ನೋಡಿದ. ಆಮೇಲೆ ತಲೆಯೆತ್ತಿ ಕೇಳಿದ:

“ತೇರಾ ಬಾಪ್ ಕೌನ್ ಹೈ?”

ಮುಂಬಯಿಯಲ್ಲಿ ಯಾರಾದರೂ ‘ನಿನ್ನಪ್ಪ ಯಾರು’ ಎಂದು ಕೇಳಿದರೆ ಮುಂದಿನದು ಹೊಡೆದಾಟವೇ. ನಾನು ಎದ್ದು ನಿಂತೆ. ಅವನು ಸಿಟ್ಟಾಗದೆ ಸರ್ಟಿಫಿಕೇಟಿನ ಮೇಲೆ ಬೆರಳಿಟ್ಟ. ತಂದೆಯ ಹೆಸರು ಎಂಬಲ್ಲಿ ನನ್ನ ಸೋದರಮಾವನ ಹೆಸರಿತ್ತು.

ಹಾಜರಿ ಕರೆಯುವಾಗ ನನ್ನ ಹೆಸರಿನ ನಡುವೆ ಮಾವನ ಹೆಸರು ಬರುತ್ತಿದ್ದದ್ದು ನನಗೆ ಗೊತ್ತಿತ್ತು. ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ನಮ್ಮದು ಅಳಿಯಸಂತಾನದ ಮನೆತನ. ಮನೆಗೆ ಯಜಮಾನ ಅಮ್ಮನ ಅಣ್ಣ, ಅವರ ನಂತರ ಸೋದರಳಿಯ. ನಾನು ಬೆಳೆದದ್ದೇ ಮಾವನ ನೆರಳಲ್ಲಿ. ಮುಂಬಯಿಯಲ್ಲಿ ನಡುವಿನ ಹೆಸರೆಂದರೆ ಅಪ್ಪನ ಹೆಸರು ಎಂಬುದು ಇಷ್ಟು ವರ್ಷ ಮರಾಠಿ ಹುಡುಗರ ಜೊತೆ ಕ್ರಿಕೆಟ್ ಆಡಿದ ನನಗೂ ಹೊಳೆದಿರಲಿಲ್ಲ. ದಾಖಲೆಯ ಪ್ರಕಾರ ನಾನು ನನ್ನಪ್ಪನ ಮಗನೇ ಅಲ್ಲ!

ಮಾವ ಅಲ್ಲೇ ಹತ್ತಿರದ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ನೇರ ಅಲ್ಲಿಗೇ ನುಗ್ಗಿದೆ.

“ನೀವು ಎಂತ ಮಾಡಿ ಇಟ್ಟದ್ದು ಮಾವ?”

ಸರ್ಟಿಫಿಕೇಟು ನೋಡಿ ಅವರಿಗೆ ಏನೂ ಅನ್ನಿಸಲಿಲ್ಲ. “ಹುಡುಗನ ಹೆಸರಿನ ಜೊತೆ ಯಾರ ಹೆಸರು ಬರೀಬೇಕು ಅಂತ ಮಾಸ್ತರ್ರು ಕೇಳಿದ್ರು. ಮನೆ ಯಜಮಾನ ನಾನಲ್ವಾ? ನನ್ನದು ಕೊಟ್ಟೆ. ಅದರಲ್ಲಿ ಎಂತ ಉಂಟು?”

“ಇದು ಊರಲ್ಲ ಮಾವ, ಬೊಂಬಾಯಿ! ಇಲ್ಲಿ ಅದು ಅಪ್ಪನ ಜಾಗ!”

“ಇಷ್ಟು ವರ್ಷ ಯಾರೂ ಹೇಳ್ಲಿಲ್ವಲ್ಲ ಮಾರಾಯ.”

ಸಿಟ್ಟು ನೆತ್ತಿಗೇರಿತು. “ನೀವು ಬೇಕಂತಲೇ ಮಾಡಿದ್ದು. ಮದುವೆ ಇಲ್ಲ, ಮಕ್ಕಳಿಲ್ಲ, ಅದಕ್ಕೇ ಇನ್ನೊಬ್ಬರ ಮಗನನ್ನು ನಿಮ್ಮ ಹೆಸರಿಗೆ ಬರೆಸಿಕೊಂಡ್ರಿ!” ಎಂದು ಕೂಗಿದೆ. ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಮಾವ ಸೋಂಪಿನ ತಟ್ಟೆಯನ್ನು ಎದುರಿಗೆ ನಿಂತ ಗಿರಾಕಿಯ ಕಡೆ ಸರಿಸಿದರು. ನಂತರ ಮೆಲ್ಲಗೆ, “ಇದಕ್ಕೆ ಎಂತ ಮಾಡ್ಬೇಕು, ಅದು ಹೇಳು” ಎಂದರು.

ಮಾಡಬೇಕಾದದ್ದು ಅಫಿಡವಿಟ್, ಮಾವ ಪ್ರಮಾಣ ಮಾಡಿ ಸಹಿ ಹಾಕುವ ಕಾಗದ. ಊರಿನಿಂದ ನನ್ನ ಜನನದ ದಾಖಲೆ ತರಿಸುವಷ್ಟರಲ್ಲಿ ಒಂದು ತಿಂಗಳು ಕಳೆಯಿತು. ಆ ತಿಂಗಳಿಡೀ ನಾನು ಮಾವನೊಡನೆ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಇಬ್ಬರೂ ಫೋರ್ಟಿನ ಕೋರ್ಟಿನ ಹೊರಗೆ, ಮರದಡಿ ಮೆಷಿನ್ ಇಟ್ಟುಕೊಂಡಿದ್ದ ಟೈಪಿಸ್ಟನ ಎದುರು ನಿಂತೆವು. ಮಾವ ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಂದಿದ್ದರು.

ಟೈಪಿಸ್ಟ್ ಮಾವನ ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಟಪಟಪ ಹೊಡೆದು, ಅದರ ಅರ್ಥವನ್ನು ಹಿಂದಿಯಲ್ಲಿ ಹೇಳಿದ. ಈ ಹುಡುಗ ನನ್ನ ಮಗನಲ್ಲ. ನನ್ನ ಅಜ್ಞಾನದಿಂದ ಶಾಲೆಯಲ್ಲಿ ತಪ್ಪು ಹೆಸರು ದಾಖಲಾಗಿದೆ. ಇವನ ಮೇಲೆ ನನಗಾಗಲಿ, ನನ್ನ ಮೇಲೆ ಇವನಿಗಾಗಲಿ ಯಾವ ಹಕ್ಕೂ ಇಲ್ಲ.

ಅಜ್ಞಾನ ಎಂಬ ಮಾತಿಗೂ ತಲೆಯಾಡಿಸಿದ್ದ ಮಾವ ಕೊನೆಯ ವಾಕ್ಯಕ್ಕೆ ತಡೆದರು. ಪೆನ್ನು ಹಿಡಿದ ಕೈ ಹಾಗೇ ನಿಂತಿತು. ಎನ್‌ಒಸಿಗೆ ಉಳಿದದ್ದು ಮೂರೇ ವಾರ, ಈ ಮುದುಕ ಈಗ ಹಟ ಹಿಡಿದರೆ ಮುಗಿಯಿತು ಎಂದುಕೊಂಡೆ.

ಮಾವ ನನ್ನ ಕಡೆ ತಿರುಗಿದರು. “ಒಂದು ವಿಷಯ ಅವನ ಹತ್ರ ಕೇಳು. ಹಕ್ಕಿಲ್ಲ ಅಂತ ಸರಕಾರಕ್ಕೆ ಬರೆದು ಕೊಟ್ಟ ಮೇಲೆ, ನಾಳೆ ನಾನು ಸತ್ರೆ ನನಗೆ ಬೆಂಕಿ ಕೊಡ್ಲಿಕ್ಕೆ ನಿನ್ನನ್ನು ಬಿಡ್ತಾರಾ?”

ನಾನು ಬೆಚ್ಚಿಬಿದ್ದೆ. ಅವರ ಕಣ್ಣಲ್ಲಿ ಹಟವೂ ಇರಲಿಲ್ಲ, ದೂರೂ ಇರಲಿಲ್ಲ. ಭಯವಿತ್ತು. ನಮ್ಮಲ್ಲಿ ಮಾವನ ಚಿತೆಗೆ ಬೆಂಕಿ ಇಡುವವನು ಅಳಿಯ. ಮಕ್ಕಳಿಲ್ಲದ ಅವರಿಗೆ ಇದ್ದ ಅಳಿಯ ನಾನೊಬ್ಬನೇ. ಆ ಸಂಬಂಧವನ್ನೇ ನಾನು ಕಸಿದುಕೊಳ್ಳುತ್ತಿದ್ದೇನೆಂದು ಅವರು ನಂಬಿದ್ದರು, ನಂಬಿಯೂ ಇಸ್ತ್ರಿ ಪಂಚೆ ಉಟ್ಟು ನನ್ನ ಹಿಂದೆ ಬಂದಿದ್ದರು.

“ಕ್ಯಾ ಬೋಲಾ?” ಎಂದ ಟೈಪಿಸ್ಟ್, ಮಾವ ಏನಂದರೆಂದು ತಿಳಿಯದೆ. ಹೋಟೆಲಿನಲ್ಲಿ ಬೇಕಾಗುವ ಹಿಂದಿ ಮಾವನಿಗೆ ಸಾಕಷ್ಟು ಬರುತ್ತಿತ್ತು, ಇದನ್ನು ಕೇಳುವ ಹಿಂದಿ ಅವರಲ್ಲಿರಲಿಲ್ಲ. ನನ್ನಲ್ಲಿತ್ತು. ಆದರೆ ಕೇಳಿದರೆ ಟೈಪಿಸ್ಟ್ ಏನೋ ಹೇಳಿಯಾನು, ವಾಕ್ಯ ತೆಗೆಸಬೇಕಾದೀತು, ಮತ್ತೆ ಹೊಡೆಸಬೇಕಾದೀತು, ಮುದ್ರೆ ಒತ್ತುವ ನೋಟರಿ ಊಟಕ್ಕೆ ಎದ್ದು ಹೋದಾನು.

“ಸಹಿ ಎಲ್ಲಿ ಹಾಕಬೇಕು ಅಂತ ಕೇಳುತ್ತಿದ್ದಾರೆ” ಎಂದು ನಾನು ಹಿಂದಿಯಲ್ಲಿ ಹೇಳಿದೆ.

ಅಷ್ಟು ಹಿಂದಿ ಮಾವನಿಗೆ ಅರ್ಥವಾಗುತ್ತಿತ್ತು. ಅವರು ನನ್ನ ಮುಖವನ್ನೊಮ್ಮೆ ನೋಡಿ, ಟೈಪಿಸ್ಟ್ ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದರು.