ಕಾಲಮ್ಮಿನಲ್ಲಿ ಕಾಣೆಯಾದ ಹುಡುಗರು

೧೯೫೮ರಲ್ಲಿ ನಾನು ಶಿಕ್ಷಣ ಸಂಶೋಧನೆಯ ಒಂದು ಯೋಜನೆಯಲ್ಲಿ ಅಂಕಿಸಂಖ್ಯೆಯ ಸಹಾಯಕನಾಗಿದ್ದೆ. ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಎರಡು ವರ್ಷವೂ ತುಂಬಿರಲಿಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಒಂದನೆಯ ಇಯತ್ತೆಗೆ ಸೇರಿದ ಹರಿಜನ ಮಕ್ಕಳಲ್ಲಿ ಎಷ್ಟು ಮಂದಿ ಮುಲ್ಕಿಯವರೆಗೆ, ಅಂದರೆ ಏಳನೆಯ ಇಯತ್ತೆಯ ಪರೀಕ್ಷೆಯವರೆಗೆ ಮುಟ್ಟುತ್ತಾರೆ ಎಂದು ಕಂಡುಹಿಡಿಯುವುದು ನನ್ನ ಕೆಲಸ.

ಕೇಳಲು ಸುಲಭ. ಆದರೆ ಅಂಕಿ ಸಿಗುವುದು ಎಲ್ಲಿ? ಜನಗಣತಿಯ ವರದಿಯಲ್ಲಿ ಅಕ್ಷರ ಬಲ್ಲವರ ಲೆಕ್ಕ ಇರುತ್ತದೆ, ನಡುವೆ ಶಾಲೆ ಬಿಟ್ಟವರದು ಇರುವುದಿಲ್ಲ. ಕಚೇರಿಗೆ ಹೋಗುವ ವಾರ್ಷಿಕ ತಖ್ತೆಯಲ್ಲಿ ಒಂದು ದಿನದ ಹಾಜರಿಯ ಜಾತಿವಾರು ಮೊತ್ತವಷ್ಟೇ ಸಿಗುತ್ತದೆ. ಉಳಿದದ್ದು ಪ್ರತಿ ಶಾಲೆಯ ಜನರಲ್ ರಜಿಸ್ಟರು. ಮಗುವಿನ ಹೆಸರು, ಜಾತಿ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಎಲ್ಲ ಅದರಲ್ಲಿರುತ್ತವೆ. ಅದರ ಬೆನ್ನು ಹತ್ತಿ ಕಿತ್ತೂರಿನಿಂದ ಕಟಕೋಳದವರೆಗೆ ಬಸ್ಸು, ಚಕ್ಕಡಿ, ಸೈಕಲ್ಲು ಎನ್ನದೆ ತಿರುಗಿದೆ. ರಾಮದುರ್ಗ ಹತ್ತು ವರ್ಷದ ಹಿಂದಿನವರೆಗೆ ಸಂಸ್ಥಾನವಾಗಿತ್ತು. ಅಲ್ಲಿಯ ಹಳೆಯ ಕಾಗದಗಳು ಮರಾಠಿಯ ಮೋಡಿ ಲಿಪಿಯಲ್ಲಿದ್ದವು. ನಮ್ಮದು ಪಂಚಾಂಗ ಬರೆಯುವವರ ಮನೆತನ, ಆದರೆ ನನಗೆ ಮೋಡಿ ಬಾರದು. ನಿವೃತ್ತ ಕಾರಕೂನರೊಬ್ಬರಿಗೆ ಚಹಾ ಕುಡಿಸಿ ಓದಿಸಿಕೊಂಡೆ. ಇನ್ನು ಕೆಲವು ಕಡೆ ಗೆದ್ದಲು ನನಗಿಂತ ಮೊದಲೇ ಸಂಶೋಧನೆ ಮುಗಿಸಿತ್ತು.

ಎಲ್ಲವನ್ನೂ ಕೂಡಿಸಿ ಕೋಷ್ಟಕ ಮಾಡಿದಾಗ ಒಂದು ಕಡೆ ಪೆನ್ಸಿಲ್ಲು ನಿಂತಿತು. ಸವದತ್ತಿ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯ ಒಂದು ಹಳ್ಳಿ, ಹೆಸರು ಬೇಡ. ಅಲ್ಲಿಂದ ಬಂದ ತಖ್ತೆಗಳಲ್ಲಿ ವರ್ಷ ವರ್ಷವೂ ಇದ್ದ ಹರಿಜನ ಮಕ್ಕಳ ಸಂಖ್ಯೆ ಹಿಂದಿನ ವರ್ಷ ಒಮ್ಮೆಲೇ ಸೊನ್ನೆಗೆ ಇಳಿದಿತ್ತು. ನಮ್ಮ ಮೇಲಧಿಕಾರಿ ಒಳ್ಳೆಯವರು, ಕುರ್ಚಿ ಬಿಟ್ಟು ಏಳುವವರಲ್ಲ. "ಏನೋ ಬ್ಯಾನಿ ಬಂದಿರಬೇಕು, ಇಲ್ಲಾ ಮಂದಿ ಗುಳೆ ಹೋಗಿರಬೇಕು. ಹಂಗ ಬರದಬಿಡ್ರಿ" ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಮಾತು. ನಾನು ಹಾಗೆ ಬರೆಯಲಾರದೆ ಹಳ್ಳಿಗೆ ಹೋದೆ.

ಅಲ್ಲಿಯ ಬಸಲಿಂಗಯ್ಯ ಮಾಸ್ತರರನ್ನು, ಹರಿಜನರ ಹುಡುಗರು ಶಾಲೆ ಬಿಟ್ಟು ಎಲ್ಲಿಗೆ ಹೋದರು ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

"ಎಲ್ಲಿಗೂ ಹೋಗಿಲ್ಲರಿ. ಅಲ್ಲೇ ಕುಂತಾರ ನೋಡ್ರಿ."

ನೋಡಿದೆ. ಬಾಗಿಲ ಹತ್ತಿರ, ಉಳಿದವರಿಂದ ಒಂದು ಮೊಳ ದೂರದಲ್ಲಿ, ಹುಡುಗರು ಕುಳಿತು ಮಗ್ಗಿ ಹೇಳುತ್ತಿದ್ದರು. ಹಿಂದಿನ ವರ್ಷ ಅವರ ಕೇರಿಯ ಮನೆಯವರೆಲ್ಲ ಬೌದ್ಧ ಧರ್ಮಕ್ಕೆ ಸೇರಿದ್ದರು. ಹಿರಿಯರೆಲ್ಲ ಒಟ್ಟಾಗಿ ಶಾಲೆಗೆ ಬಂದು, ಹಳೆಯ ಜಾತಿಯ ಹೆಸರು ಹೊಡೆಸಿ 'ಬೌದ್ಧ' ಎಂದು ಬರೆಸಿದ್ದರು. ತಾಲೂಕಿಗೆ ಕಳಿಸುವ ತಖ್ತೆಯಲ್ಲಿ ಬೌದ್ಧರಿಗೆ ಕಾಲಮ್ಮೇ ಇರಲಿಲ್ಲ. ಮಾಸ್ತರರು ಅವರನ್ನು 'ಇತರರು' ಎಂಬಲ್ಲಿ ಸೇರಿಸಿದ್ದರು. ಬೇನೆಯೂ ಇಲ್ಲ, ಗುಳೆಯೂ ಇಲ್ಲ ಎಂದು ನನಗೆ ನಗು ಬಂತು. ಮಾಸ್ತರರು ನಗಲಿಲ್ಲ.

"ನಗಬ್ಯಾಡ್ರಿ ಸಾಹೇಬ್ರ. ಪರಸಪ್ಪಂದು ಏನ್ ಮಾಡೂದು, ಅದನ್ನ ಹೇಳ್ರಿ."

ಪರಸಪ್ಪ ಅದೇ ಶಾಲೆಯಲ್ಲಿ ನಾಲ್ಕನೆಯದು ಮುಗಿಸಿ, ಬೈಲಹೊಂಗಲದಲ್ಲಿ ಹರಿಜನ ಹುಡುಗರ ಬೋರ್ಡಿಂಗಿನಲ್ಲಿದ್ದು ಆರನೆಯದು ಓದುತ್ತಿದ್ದ. ಊಟ, ವಸತಿ ಅಲ್ಲಿಯೇ, ಬಿಟ್ಟಿ. ಮುಲ್ಕಿ ಪಾಸಾದರೆ ಮಾಸ್ತರಿಕೆ ಸಿಗುವ ಕಾಲವದು, ಆ ಕೇರಿಯಲ್ಲಿ ಮುಲ್ಕಿ ಪಾಸಾದವರು ಇನ್ನೂ ಒಬ್ಬರಿರಲಿಲ್ಲ. ಈಗ ಬೋರ್ಡಿಂಗಿನವರು ಈ ಶಾಲೆಯಿಂದ ಜಾತಿಯ ದಾಖಲೆ ಕೇಳಿದ್ದರು, ರಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆಯೂ 'ಬೌದ್ಧ' ಎಂದಾಗಿತ್ತು. ಹಿಂದೂ ಧರ್ಮ ಬಿಟ್ಟವರಿಗೆ ಹರಿಜನರ ಸವಲತ್ತು ಸಲ್ಲದು ಎಂಬುದು ನಿಯಮ. 'ಬೌದ್ಧ' ಎಂದು ಬರೆದು ಕಳಿಸಿದರೆ ಹುಡುಗ ಹೊರಗೆ. ಹಳೆಯದನ್ನೇ ಬರೆಯಬೇಕಾದರೆ ತಂದೆಯ ಅರ್ಜಿ ಬೇಕು.

ತಂದೆ ಲಕ್ಷ್ಮಪ್ಪ ಗೌಂಡಿ ಕೆಲಸದವನು. ಅಂದು ಮನೋಳಿಯಲ್ಲಿ ಯಾರದೋ ಗೋಡೆ ಕಟ್ಟುತ್ತಿದ್ದ. ಇಬ್ಬರೂ ಹೋದೆವು. ಒಂದೆರಡು ವರ್ಷದ ಮಾತು, ಹುಡುಗ ಮುಲ್ಕಿ ಮುಗಿಸಲಿ, ಆಮೇಲೆ ಬೇಕಾದ್ದು ಬರೆಸಿಕೋ ಎಂದು ಹೇಳಿದೆ. ಅವನು ಕರಣಿ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ.

"ಊರ ಬಾವ್ಯಾಗ ನಮಗ ಇವತ್ತಿಗೂ ನೀರು ಸೇದಗೊಡೂದಿಲ್ಲರಿ. ಬಾವಿ ಮುಂದ ನಾವು ಹಳೇ ಜಾತಿನ ಅದೀವಿ. ಬೋರ್ಡಿಂಗ್ ಮುಂದ ಅಷ್ಟ ಹ್ಯಾಂಗ ಬ್ಯಾರೆ ಆದ್ವಿ, ಸಾಹೇಬ್ರ?"

ಮಾಸ್ತರರು ಮೆಲ್ಲಗೆ, "ಹುಡುಗನ ಮಾರಿ ನೋಡೋ ಲಕ್ಷ್ಮಪ್ಪ" ಎಂದರು.

"ನೋಡೇನ್ರಿ. ಅವ ಮಾಸ್ತರ ಆಗಬೇಕಂತ ನನಗ ಭಾಳ ಆಸೆ ಐತಿ. ಆದ್ರ ಆ ಜಾತಿ ಹೆಸರು ನಮ್ಮಪ್ಪಗ ಮಂದಿ ಇಟ್ಟದ್ದು. ಈಗ ನಾನ ಕೈಯಾರೆ ನನ್ನ ಮಗಗ ಇಡಬೇಕೇನ್ರಿ?"

ನನಗೆ ಅವನ ಮೇಲೆ ಸಿಟ್ಟು ಬಂತು. ಮಗನ ಬಾಳು ಹಾಳು ಮಾಡುತ್ತಾನಲ್ಲ ಎಂದುಕೊಂಡೆ. ಸೈಕಲ್ ತುಳಿಯುತ್ತ ಬರುವಾಗ ಆ ಸಿಟ್ಟು ಅವನನ್ನು ಬಿಟ್ಟು, ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ, ಆ ನಿಯಮದ ಮೇಲೆ ಹೋಯಿತು. ಅಧಿಕಾರಿಗಳಿಗೆ ಬರೆದೆ, ಖುದ್ದಾಗಿ ಹೋಗಿ ಬೇಡಿಕೊಂಡೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಗೆ ಮನಸ್ಸಿತ್ತು, ನಿಯಮದಲ್ಲಿ ಅವಕಾಶವಿರಲಿಲ್ಲ. ಪರಸಪ್ಪ ತನ್ನ ಟ್ರಂಕು ಹೊತ್ತುಕೊಂಡು ಊರಿಗೆ ಬಂದ. ಮುಂದಿನ ಸಲ ನಾನು ಹೋದಾಗ ತಂದೆಗೆ ಗಚ್ಚು ಕಲಸಿ ಕೊಡುತ್ತಿದ್ದ. ನನ್ನನ್ನು ಕಂಡು ನಮಸ್ಕಾರ ಮಾಡಿ, ಮತ್ತೆ ಕಲಸತೊಡಗಿದ.

ಹುಡುಗರು ಶಾಲೆ ಬಿಟ್ಟ ಕಾರಣ ಬರೆಯಲು ನಮ್ಮ ಯೋಜನೆಯಲ್ಲಿ ಗೊತ್ತಾದ ಬಾಬುಗಳಿದ್ದವು: ಬಡತನ, ಬೇನೆ, ಮದುವೆ, ಊರು ಬಿಟ್ಟದ್ದು, ಮರಣ, ಪಾಲಕರ ಅನಾಸ್ಥೆ. ಬೈಲಹೊಂಗಲದ ಶಾಲೆಯಿಂದ ಬಂದ ಕಾಗದದಲ್ಲಿ ಪರಸಪ್ಪನ ಹೆಸರಿನ ಮುಂದೆ ಕೊನೆಯದನ್ನು ಬರೆದಿದ್ದರು. ನಾನು ಒಪ್ಪದೆ, ನಡೆದದ್ದನ್ನೆಲ್ಲ ಅಡಿಟಿಪ್ಪಣಿಯಾಗಿ ಬರೆದೆ. ಒಬ್ಬ ಹುಡುಗನ ಕಥೆ ಅಂಕಿಸಂಖ್ಯೆಯಾಗುವುದಿಲ್ಲ ಎಂದು ಮೇಲಧಿಕಾರಿ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದರು.

ಅಂಕಿ ಹುಡುಕುತ್ತ ನನ್ನ ಬಳಿ ಬರುವ ಹುಡುಗರಿಗೆ ನಾನು ಹೇಳುವುದು ಇಷ್ಟು: ಸಂಖ್ಯೆ ಓದುವ ಮೊದಲು ಅದರ ಮೇಲಿನ ತಲೆಬರಹ ಓದಿ, ಅದನ್ನು ಬರೆದವರು ಯಾರೆಂದು ವಿಚಾರಿಸಿ. ವರದಿ ಅಚ್ಚಾಗಿ ಬಂತು. ಕೂಡಿಕೆ ಎಲ್ಲವೂ ಸರಿಯಿತ್ತು, ನಾನೇ ತಾಳೆ ನೋಡಿದ್ದೆ. ಮಕ್ಕಳ ಓದಿನ ಬಗ್ಗೆ ಕಾಳಜಿ ಇಲ್ಲದ ತಂದೆಯರ ಲೆಕ್ಕದಲ್ಲಿ ಲಕ್ಷ್ಮಪ್ಪನೂ ಒಬ್ಬ.