ಸೋಮವಾರದ ಉಣ್ಣಿಗಳು

ಮೊನ್ನೆ ನಮ್ಮ ನಾಯಿಯ ಕಿವಿಯ ಸಂದಿಯಲ್ಲಿ ಉಣ್ಣಿ ಕಂಡಿತು. ಹಳೆಯ ಸ್ಟೋವಿನ ತಳದಲ್ಲಿ ಉಳಿದಿದ್ದ ಚಿಮಣಿ ಎಣ್ಣೆಯನ್ನು ಬಟ್ಟಲಿಗೆ ಸುರಿದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಜೇವರ್ಗಿಯ ಈ ಮನೆ ಎಲ್ಲೋ ಸರಿದುಹೋಗಿ ಮಟಕಿ ಊರಿನ ಕೊಟ್ಟಿಗೆ ಕಣ್ಣ ಮುಂದೆ ಬಂತು. ಅಲ್ಲಿ ಬಾಜೂ ಮನೆಯ ಕಾಕು ಕುಕ್ಕರುಗಾಲಲ್ಲಿ ಕೂತು ಆಕಳ ಮೈ ಸವರುತ್ತಿದ್ದಳು...

ಆಗಿನ್ನೂ ಎಂಬತ್ತರ ದಶಕದ ಆರಂಭ. ನಾನು ಮಟಕಿಗೆ ಸೊಸೆಯಾಗಿ ಬಂದ ಹೊಸದು. ತವರು ನೆನಪಾದಾಗಲೆಲ್ಲ ಆ ಕೊಟ್ಟಿಗೆಗೆ ಹೋಗಿ ಕೂಡುತ್ತಿದ್ದೆ. ಮಕ್ಕಳಿಲ್ಲದ ಕಾಕುವಿಗೆ ಅವಳ ಜರ್ಸಿ ಆಕಳೇ ಮಗಳು. ತಡಿಕೆಯ ಸಂದಿನಿಂದ ಇಳಿದ ಮಧ್ಯಾಹ್ನದ ಬಿಸಿಲು ಅದರ ಬೆನ್ನ ಮೇಲೆ ಮಲಗಿರುತ್ತಿತ್ತು. ಕಾಕು ಬೆರಳಾಡಿಸಿ ಉಣ್ಣಿ ಕೀಳುತ್ತಿದ್ದರೆ ಆಕಳು ಕಣ್ಣು ಮುಚ್ಚುತ್ತಿತ್ತು, ನನಗೂ ಜೊಂಪು ಹತ್ತುತ್ತಿತ್ತು...

ದಿನವೂ ಕಿತ್ತ ಉಣ್ಣಿಗಳನ್ನು ಎಣ್ಣೆಯ ಬಟ್ಟಲಿಗೆ ಹಾಕುವವಳು ಸೋಮವಾರ ಮಾತ್ರ ಹಾಗೆ ಮಾಡುತ್ತಿರಲಿಲ್ಲ. ಎತ್ತಿನ ಹೆಗಲಿಗೆ ನೊಗ ಇಡದ ದಿನ ಅದು. ಅಂದು ಉಣ್ಣಿಗಳನ್ನು ಎಲೆಯಲ್ಲಿ ಹಿಡಿದು, ಕೊಟ್ಟಿಗೆಯ ಗೋಡೆಯಾಚೆ ಮೆಲ್ಲಗೆ ಬಿಟ್ಟು ಬರುತ್ತಿದ್ದಳು.

"ಬಸವಣ್ಣನ ವಾರ ಅದ. ಜೀವಾ ಹೆಂಗ ತಗೀಲಿ ಬೇ?"

"ನಿಮ್ಮ ಉಣ್ಣಿಗೂ ಸ್ವಾಮಾರ ಸೂಟಿ ಏನ್ರಿ ಕಾಕು?" ಎಂದು ನಾನು ನಗುತ್ತಿದ್ದೆ. ಅವಳೂ ನಗುತ್ತಿದ್ದಳು.

ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಆಕಳು ಮೇವು ಬಿಟ್ಟಿತು. ಮೈ ಕಾದ ಹಂಚಿನಂತೆ ಸುಡುತ್ತಿತ್ತು, ಮೂತ್ರ ರಕ್ತದ ಬಣ್ಣಕ್ಕೆ ತಿರುಗಿತ್ತು. ಆಳಂದದಿಂದ ಬಂದ ದನದ ಡಾಕ್ಟರು ಸೂಜಿ ಚುಚ್ಚಿ, ಕಿವಿ, ಕೆಚ್ಚಲು ನೋಡಿ ಕೇಳಿದರು: "ಉಣ್ಣಿ ಜ್ವರ ರೀ ಇದು. ಕಿತ್ತ ಉಣ್ಣಿ ಎಲ್ಲಿ ಒಗೀತೀರಿ?"

ಕಾಕು ಗೋಡೆಯ ಕಡೆ ಕೈ ಮಾಡಿ ಸೋಮವಾರದ ಸಂಗತಿ ಹೇಳಿದಳು.

"ಅಲ್ಲೇ ಸಾವಿರಗಟ್ಲೆ ತತ್ತಿ ಇಡ್ತಾವ್ರಿ. ಮರಿ ಆಗಿ ಹೊಳ್ಳಿ ಇದರ ಮೈಗೇ ಹತ್ತತಾವ. ನಾಡ ಆಕಳ ತಡೀತಾವ, ಜರ್ಸಿ ತಡ್ಯಾಂಗಿಲ್ರಿ. ಮನಷ್ಯಾರಿಗೂ ಕಚ್ಚತಾವ. ಉಗುರಿಲೆ ಒಡೀಬ್ಯಾಡ್ರಿ ಮತ್ತ."

ಮೂರನೆಯ ದಿನ ಆಕಳು ಹೋಯಿತು. ಕಾಕು ಅಳಲಿಲ್ಲ. "ನನ್ನ ಕೈಯಾರೆ ಬಿಟ್ಟೆನಲ್ಲ ಬೇ..." ಎಂದಷ್ಟೇ ಅಂದಳು. ಅಷ್ಟೂ ಸೋಮವಾರ ನಗುತ್ತಾ ಕೂತಿದ್ದ ನನಗೂ ಆ ತಪ್ಪಿನಲ್ಲಿ ಪಾಲಿದೆ ಅನ್ನಿಸಿತು.

ಆಕಳ ಎಳೆಗರು ಮಾತ್ರ ಉಳಿಯಿತು. ಆಮೇಲೆ ಕಾಕು ಸೋಮವಾರವೂ ಎಣ್ಣೆಯ ಬಟ್ಟಲು ಇಟ್ಟುಕೊಂಡೇ ಕೂಡುತ್ತಿದ್ದಳು. ಒಂದೊಂದು ಉಣ್ಣಿ ಹಾಕುವಾಗಲೂ "ತಪ್ಪಾತೋ ಬಸವಾ" ಅನ್ನುತ್ತಿದ್ದಳು. ನನ್ನನ್ನೂ ಬಿಡುತ್ತಿರಲಿಲ್ಲ. ಕಿವಿಯ ಹಿಂದೆ, ಕುತ್ತಿಗೆಯಲ್ಲಿ, ಮೊಣಕಾಲ ಹಿಂದೆ ನೋಡಿಯೇ ಮನೆಗೆ ಕಳಿಸುತ್ತಿದ್ದಳು. ತವರಿನಲ್ಲೂ ಯಾರೂ ನನ್ನನ್ನು ಅಷ್ಟು ಅಕ್ಕರೆಯಿಂದ ನೋಡಿದ್ದಿಲ್ಲ.

ನಾವು ಜೇವರ್ಗಿಗೆ ಬಂದು ಕೆಲವು ವರ್ಷಕ್ಕೆ ಕಾಕು ತೀರಿಕೊಂಡಳು. ಸುದ್ದಿ ಮುಟ್ಟಿದ್ದು ಹದಿನೈದು ದಿನ ತಡವಾಗಿ. ಮಣ್ಣಿಗೆ ಹೋಗಲಾಗಲಿಲ್ಲ, ಆ ನೋವು ಇನ್ನೂ ಇದೆ...

ಮೊನ್ನೆ ಚಿಮಟದಲ್ಲಿ ಹಿಡಿದ ಉಣ್ಣಿ ಬಟ್ಟಲಿನ ಮೇಲೆ ಬಂದಾಗ ನನ್ನ ಕೈ ತಡೆಯಿತು. ಅಂದು ಸೋಮವಾರ. ನಾಯಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿತ್ತು. "ತಪ್ಪಾತೋ ಬಸವಾ" ಅಂದು ಉಣ್ಣಿಯನ್ನು ಎಣ್ಣೆಗೆ ಬಿಟ್ಟೆ. ಆಮೇಲೆ ನನ್ನ ಕಿವಿಯ ಹಿಂದೆ ನಾನೇ ಬೆರಳಾಡಿಸಿಕೊಂಡೆ. ಅಲ್ಲಿ ನೋಡುವವರು ಈಗ ಯಾರೂ ಇಲ್ಲ.