ಮನೆವಾಳ್ತನದ ಜಟ್ಟಪ್ಪ ಬುಟ್ಟಿ ಹೊತ್ತದ್ದು

ಜಟ್ಟಪ್ಪನಿಗೆ ನೆಂಟರ ಮೇಲೆ ಇದ್ದದ್ದು ಅನುಮಾನ. ಸಿಟ್ಟಾಗಿದ್ದರೆ ಒಂದು ಊಟ, ಒಂದು ಎಲೆಅಡಿಕೆಗೆ ಇಳಿದುಹೋಗುತ್ತಿತ್ತು. ಅನುಮಾನಕ್ಕೆ ಹಬ್ಬದಿಂದ ಹಬ್ಬಕ್ಕೆ ಹೊಸ ಮೇವು ಸಿಗುತ್ತದೆ. ಅದನ್ನು ಆತ ಇಪ್ಪತ್ತೆರಡು ವರ್ಷ ಚೆನ್ನಾಗಿಯೇ ಮೇಯಿಸಿಕೊಂಡು ಬಂದಿದ್ದ.

ಆತನ ಪಾಡೂ ಹಾಗೇ ಇತ್ತು ಅನ್ನಿ. ಹೊಸನಗರದ ಕಡೆಯ ಹಳ್ಳಿಯೊಂದರಲ್ಲಿ ಐವರು ಗಂಡುಮಕ್ಕಳಲ್ಲಿ ನಾಲ್ಕನೆಯವನಾಗಿ ಹುಟ್ಟಿದವನು. ಇದ್ದ ಗದ್ದೆ ಐದು ಪಾಲಾದರೆ ಒಬ್ಬೊಬ್ಬರಿಗೆ ಒಂದೊಂದು ಅಂಚು ಸಿಗುವುದೆಂದು ತಿಳಿದೇ, ಇಪ್ಪತ್ತಾರನೆಯ ವಯಸ್ಸಿಗೆ ತುಮರಿ ಹತ್ತಿರದ ಸುಬ್ಬಯ್ಯನ ಮನೆಗೆ ಮನೆವಾಳ್ತನಕ್ಕೆ ಬಂದ. ಸುಬ್ಬಯ್ಯನಿಗೂ ಕೆರಿಯಮ್ಮನಿಗೂ ಇಬ್ಬರೇ ಹೆಣ್ಣುಮಕ್ಕಳು. ಹಿರಿಯಳು ಕನ್ನಮ್ಮನನ್ನು ಕಟ್ಟಿಕೊಂಡು ಅಲ್ಲೇ ಉಳಿದು ಬೇಸಾಯ ನೋಡಿಕೊಳ್ಳುವುದೆಂದು ಮಾತಾಯಿತು. ಮದುವೆಯ ಪಂಕ್ತಿಯಲ್ಲಿ ಯಾರೋ ‘ಅಳಿಯ ಮನೆ ತೊಳಿಯ’ ಎಂದು ನಕ್ಕರು. ನಕ್ಕವರು ಮನೆಗೆ ಹೋಗುವಷ್ಟರಲ್ಲಿ ಮರೆತರು, ಜಟ್ಟಪ್ಪ ಮಾತ್ರ ಮರೆಯಲಿಲ್ಲ.

ಕಿರಿಯಳು ಮಹಾಲಕ್ಷ್ಮೀಯನ್ನು ತೀರ್ಥಹಳ್ಳಿಯ ದಿನೇಶನಿಗೆ ಕೊಟ್ಟರು. ದಿನೇಶನ ಅಪ್ಪನದು ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಮಗನೂ ಅಲ್ಲೇ ಕೂತ. ಷಡ್ಡಕ ಅಂದರೆ ಮೊದಲೇ ಒಂದು ತಕ್ಕಡಿಯ ಇನ್ನೊಂದು ತಟ್ಟೆ. ದಿನೇಶ ಹಬ್ಬಕ್ಕೆ ಬಂದಾಗಲೆಲ್ಲ ಕೋಳಿಯ ಕಾಲಿನ ತುಂಡು ಅವನ ಎಲೆಗೆ ಬೀಳುತ್ತಿತ್ತು, ಜಟ್ಟಪ್ಪನ ಎಲೆಗೆ ಕುತ್ತಿಗೆಯ ತುಂಡು. ನೆಂಟರಿಗೆ ಕಾಲು, ಮನೆಯವರಿಗೆ ಕುತ್ತಿಗೆ ಎಂಬುದು ಊರಿಗೆಲ್ಲ ಗೊತ್ತಿರುವ ರೀತಿ. ಜಟ್ಟಪ್ಪನ ತಲೆಗೆ ಮಾತ್ರ ಅದು ಹೊಕ್ಕಿರಲಿಲ್ಲ.

ಮೊದಲೆಲ್ಲ ಲಾಂಚಿನ ಕಾಲ. ಸಂಜೆಯ ಕೊನೇ ಲಾಂಚು ತಪ್ಪಿದರೆ ಹಿನ್ನೀರು ದಾಟುವಂತಿಲ್ಲ, ಹಾಗಾಗಿ ನೆಂಟರು ಉಂಡ ಕೈ ಆರುವ ಮೊದಲೇ ಎದ್ದು ಹೊರಡುತ್ತಿದ್ದರು. ದಿನೇಶ ಹದಿನೈದು ವರ್ಷದಲ್ಲಿ ಒಮ್ಮೆಯೂ ಅಂಗಳ ಇಳಿದು ಗದ್ದೆ ಕಡೆ ಹೋದವನಲ್ಲ. ಈಗ ಸೇತುವೆಯಾಗಿದೆ. ಕಾರು ಸೀದಾ ಅಂಗಳಕ್ಕೇ ಬಂದು ನಿಲ್ಲುತ್ತದೆ, ನಾಲ್ಕು ದಿನದ ಬಟ್ಟೆ ಡಿಕ್ಕಿಯಿಂದ ಇಳಿಯುತ್ತದೆ. ಊರಿಗೆಲ್ಲ ಸೇತುವೆಯಿಂದ ಸಂತೋಷವಾಯಿತು. ಜಟ್ಟಪ್ಪನಿಗೂ ಆಯಿತು, ಆದರೆ ಹಬ್ಬಗಳನ್ನು ಬಿಟ್ಟು.

ಆ ಮನೆಗೆ ಭೂಮಿ ಹುಣ್ಣಿಮೆ ಅಂದರೆ ದೀಪಾವಳಿಗಿಂತ ಒಂದು ಕೈ ಮೇಲು. ತೆನೆಯನ್ನು ಒಳಗಿಟ್ಟುಕೊಂಡು ಹೊಡೆ ತುಂಬಿ ನಿಂತ ಗದ್ದೆ ಬಸುರಿ ಹೆಂಗಸಿದ್ದ ಹಾಗೆ. ಅವಳಿಗೆ ಬಯಕೆಯ ಊಟ ಬಡಿಸಬೇಕು. ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿ ಗೆರೆಯಲ್ಲಿ ಚಿತ್ತಾರ ಬರೆದ ಎರಡು ಬುಟ್ಟಿ ಸಿದ್ಧವಾಗುತ್ತವೆ. ಸಣ್ಣದರಲ್ಲಿ ದಾರಿಗುಂಟ ಬೀರುವುದಕ್ಕೆ ನಾನಾ ಸೊಪ್ಪು ಬೆರೆಸಿದ ಹಚ್ಚಂಬಲಿ. ದೊಡ್ಡದರಲ್ಲಿ ಕಡುಬು, ಪಲ್ಯ, ಹೋಳಿಗೆ. ಸಣ್ಣ ಬುಟ್ಟಿಯವನು ಬೀರುವಾಗಿನ ಮಾತು ಹೇಳುತ್ತಾ ಮುಂದೆ, ದೊಡ್ಡ ಬುಟ್ಟಿಯವನು ಅವನ ಹೆಜ್ಜೆಯ ಮೇಲೆ, ಹಿಂದೆ ಮನೆಮಂದಿ. ದೊಡ್ಡ ಬುಟ್ಟಿ ತಲೆಗೇರಿದ ಮೇಲೆ ಗದ್ದೆ ಮುಟ್ಟುವವರೆಗೆ ಅದನ್ನು ಹೊತ್ತವನು ಬಾಯಿ ಬಿಡಬಾರದು. ಬಿಟ್ಟರೆ ಮನೆಗೆ ತಿರುಗಿ ಬಂದು, ಬುಟ್ಟಿ ಇಳಿಸಿ, ಮತ್ತೆ ಹೊತ್ತು ಮೊದಲಿಂದ ನಡೆಯಬೇಕು. ಇದು ಸುಬ್ಬಯ್ಯನ ಅಜ್ಜನ ಕಾಲದಿಂದ ಬಂದ ಕಟ್ಟಳೆ. ದೊಡ್ಡ ಬುಟ್ಟಿ ಹೊರುವವನೇ ಆ ಮನೆಯ ಯಜಮಾನ. ಅದಕ್ಕೆ ಬೇರೆ ಕಾಗದ ಪತ್ರ ಬೇಕಿಲ್ಲ.

ಇಷ್ಟು ವರ್ಷ ದೊಡ್ಡದನ್ನು ಸುಬ್ಬಯ್ಯ ಹೊತ್ತ, ಸಣ್ಣದನ್ನು ಅವನ ತಮ್ಮ ಹಿಡಿದ. ಗದ್ದೆಯಲ್ಲಿ ಗುಂಡಿ ತೋಡಿ ಕಡುಬು ಹುಗಿಯುವುದಕ್ಕೆಂದು ಜಟ್ಟಪ್ಪ ಎಲ್ಲರ ಹಿಂದೆ ಗುದ್ದಲಿ ಹಿಡಿದು ನಡೆದ. ಸುಬ್ಬಯ್ಯ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಹೋದ ವರ್ಷ ಸಾವಿನ ಮನೆಯೆಂದು ಹಬ್ಬ ಮಾಡಿರಲಿಲ್ಲ. ತಮ್ಮನೂ ಹಾಸಿಗೆ ಹಿಡಿದಿದ್ದ. ಈ ವರ್ಷ ಬುಟ್ಟಿ ಯಾರ ತಲೆಗೆ ಎಂಬುದನ್ನು ಮನೆಯಲ್ಲಿ ಒಬ್ಬರೂ ಎತ್ತಲಿಲ್ಲ. ಕೇಳಿದರೆ ಆಸೆಬುರುಕ ಅಂದಾರು ಎಂದು ಜಟ್ಟಪ್ಪನೂ ಕೇಳಲಿಲ್ಲ. ಆಸೆಯಂತೂ ಹೊಟ್ಟೆ ತುಂಬ ಇತ್ತು. ಇಪ್ಪತ್ತೆರಡು ವರ್ಷ ಅದೇ ಗದ್ದೆಯ ಕೆಸರು ತುಳಿದವನಿಗೆ ಅಷ್ಟೂ ಇರಬಾರದೇ?

ಹಬ್ಬಕ್ಕೆ ಎಂಟು ದಿನ ಇದ್ದಾಗ ಕೆರಿಯಮ್ಮ ಫೋನಿನಲ್ಲಿ ಮಾತಾಡುತ್ತಿದ್ದುದು ಕೊಟ್ಟಿಗೆಯಲ್ಲಿದ್ದ ಜಟ್ಟಪ್ಪನ ಕಿವಿಗೆ ಬಿತ್ತು. “ದಿನೇಶಪ್ಪಾ, ಈ ವರ್ಷ ನೀವು ಬರ್ಲೇಬೇಕು. ನೀವಿಲ್ದಿದ್ರೆ ಬುಟ್ಟಿ ಹೊರಡೂದಿಲ್ಲ.”

ಹಾಲು ಕರೆಯುತ್ತಿದ್ದ ಕೈ ಅಲ್ಲೇ ನಿಂತಿತು. ಎಮ್ಮೆ ತಿರುಗಿ ನೋಡಿತು.

ಆಮೇಲೆ ಆತನಿಗೆ ಕಂಡದ್ದೆಲ್ಲ ಸಾಕ್ಷಿಯೇ. ಮೊಣಕಾಲು ನೋವಿನ ಕೆರಿಯಮ್ಮ ಸ್ಟೂಲಿನ ಮೇಲೆ ಕೂತು ಚಿತ್ತಾರ ಬರೆದು, ದೊಡ್ಡ ಬುಟ್ಟಿಯನ್ನು ಬಟ್ಟೆ ಮುಚ್ಚಿ ಒಳಕೋಣೆಯಲ್ಲಿಟ್ಟದ್ದು ಒಂದು ಸಾಕ್ಷಿ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಬಂದ ದಿನೇಶ, ಹುಟ್ಟಿದಾರಭ್ಯ ಪ್ಯಾಂಟು ಬಿಟ್ಟು ಬೇರೆ ಉಡದವನು, ಹೊಸ ಪಂಚೆಯ ಮಡಿಕೆ ಬಿಚ್ಚಿ ಸೊಂಟಕ್ಕೆ ಸುತ್ತಿ ಸುತ್ತಿ ನೋಡಿದ್ದು ಇನ್ನೊಂದು. ಮಧ್ಯಾಹ್ನ ಜಟ್ಟಪ್ಪ ನೀರು ಕುಡಿಯಲು ಅಡುಗೆಮನೆ ಬಾಗಿಲಿಗೆ ಬಂದಾಗ ಮಹಾಲಕ್ಷ್ಮೀ ತಾಯಿಯ ಹತ್ತಿರ, “ಭಾವಂಗೆ ಈಗ್ಲೇ ಹೇಳೂದ್ ಬ್ಯಾಡ ಅಮ್ಮ” ಅಂದಳು. ಇವನ ನೆರಳು ಬಿದ್ದದ್ದೇ ತಡ, “ಸೌತೆಕಾಯಿ ಎಳೇದೇ ಸಿಕ್ಕಿದೆ” ಎಂದು ಮಾತು ಹೊರಳಿಸಿದಳು. ಜಟ್ಟಪ್ಪ ನೀರು ಕುಡಿಯದೇ ತಿರುಗಿದ.

ಹೆಂಡತಿಯನ್ನು ಹಿತ್ತಿಲಲ್ಲಿ ಹಿಡಿದು ಕೇಳಿದ. “ನಿಂಗೆ ಗೊತ್ತಿತ್ತು ಅಲ್ದಾ?”

“ಎಂತದು?” ಅಂದಳು ಕನ್ನಮ್ಮ. ಅವಳ ಸೆರಗಿನಲ್ಲಿ ಹತ್ತು ಹದಿನೈದು ಬಗೆಯ ಸೊಪ್ಪಿನ ಕುಡಿಗಳು.

“ಎಂತದೂ ಇಲ್ಲ.”

“ಹಬ್ಬದ ಹೊತ್ತಲ್ಲಿ ಮುಖ ಗಂಟಾಕ್ಕಂಬ್ಯಾಡಿ ಮತ್ತೆ. ಜನ ಬಂದಿದಾರೆ.”

ಜನ ಬಂದಿದಾರೆ! ಬಂದ ಜನ ಯಾರು, ಮನೆಯ ಜನ ಯಾರು ಎಂದು ಜಟ್ಟಪ್ಪನ ಬಾಯಿಗೆ ಬಂದಿತ್ತು. ನುಂಗಿಕೊಂಡ. ನುಂಗುವುದು ಆತನಿಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ಸಂಜೆ ದಿನೇಶನೇ ಹುಡುಕಿಕೊಂಡು ಬಂದ. ಒಂದು ಥರ ಸಂಕೋಚದಲ್ಲಿ ನಗುತ್ತಾ, “ಭಾವ, ನಮ್ ಗದ್ದೆಗೆ ದಾರಿ ಹ್ಯಾಂಗೆ? ಬೆಳಿಗ್ಗೆ ಮಬ್ಬಲ್ಲಿ ತಪ್ಪಬಾರ್ದಲ್ಲ” ಎಂದು ಕೇಳಿದ.

ನಮ್ ಗದ್ದೆ! ಆ ಎರಡು ಮಾತಿಗೆ ಜಟ್ಟಪ್ಪನ ಮೈ ಉರಿಯಿತು. ದಾರಿ ಮಗುವಿಗೂ ಗೊತ್ತಾಗುವಂಥದ್ದು. ಅಂಗಳ ಇಳಿದರೆ ಹಳ್ಳ, ಹಳ್ಳಕ್ಕೆ ಅಡ್ಡ ಅಡಿಕೆಮರದ ಸಂಕ, ಸಂಕ ದಾಟಿದರೆ ಗದ್ದೆ. ಆ ಸಂಕವನ್ನು ಬೇಸಗೆಯಲ್ಲಿ ಜಟ್ಟಪ್ಪನೇ ಹೊಸದಾಗಿ ಹಾಕಿದ್ದ.

“ಸಂಕ ದಾಟ್ಬ್ಯಾಡ ಮಾರಾಯ, ಲಡ್ಡಾಗಿದೆ, ಕಾಲಿಟ್ರೆ ಮುರೀತದೆ” ಅಂದ. “ಹಳ್ಳದ ಗುಂಟ ಕೆಳಗೆ ಹೋಗು. ಕೇದಗೆ ಹಿಂಡು ಸಿಕ್ತದೆ. ಅದನ್ನ ಬಳಸಿ ಮೇಲೆ ಹತ್ತಿದ್ರೆ ಗದ್ದೆ.”

ಕೇದಗೆ ಹಿಂಡಿನ ಹತ್ತಿರ ಹಿನ್ನೀರು ಇಳಿದ ಕೆಸರು. ಮೊಣಕಾಲಿಗೆ ಬರುತ್ತದೆ, ಕೆಲವು ಕಡೆ ಇನ್ನೂ ಮೇಲೆ. ದಾರಿ ಕೇಳಿದನೆಂದರೆ ಮುಂದೆ ನಡೆಯುವವನೂ ಅವನೇ. ಹೊಸ ಪಂಚೆಯ ಹೊಸ ಯಜಮಾನ ತಲೆಯ ಮೇಲೆ ಬುಟ್ಟಿ ಹೊತ್ತು ಅಲ್ಲಿ ಹೂತು ನಿಲ್ಲಬೇಕು, ಬಾಯಿ ಬಿಡುವಂತಿಲ್ಲದೆ ಕಣ್ಣು ಕಣ್ಣು ಬಿಡಬೇಕು. ಆಗ ಗುದ್ದಲಿ ಹಿಡಿದ ಜಟ್ಟಪ್ಪ ಹಿಂದಿನಿಂದ ಬಂದು, ಕೈ ಹಿಡಿದು ಎಳೆದು, ಈ ನೆಲ ಯಾರ ಕಾಲಿಗೆ ಗೊತ್ತು ಎಂಬುದನ್ನು ಎಲ್ಲರಿಗೂ ತೋರಿಸಬೇಕು. ಇಷ್ಟೇ ಆತನ ಲೆಕ್ಕ. ದಿನೇಶ “ಥ್ಯಾಂಕ್ಸ್ ಭಾವ” ಎಂದು ಹೋದ. ಆ ಥ್ಯಾಂಕ್ಸಿನಲ್ಲೂ ಜಟ್ಟಪ್ಪ ಏನೋ ಕುಹಕ ಕಂಡ.

ನಸುಕಿಗೆ ಎಲ್ಲರೂ ಮಿಂದು ತುಳಸಿಕಟ್ಟೆಯ ಮುಂದೆ ಸೇರಿದರು. ಕೆರಿಯಮ್ಮ ಎರಡೂ ಬುಟ್ಟಿ ತರಿಸಿದಳು. ಜಟ್ಟಪ್ಪ ಯಾರೂ ಹೇಳುವ ಮೊದಲೇ ಗುದ್ದಲಿ ಹೆಗಲಿಗೇರಿಸಿ ಹಿಂದೆ ಹೋಗಿ ನಿಂತ.

“ಅಲ್ಲೆಂತ ಮಾಡ್ತೀಯ?” ಅಂದಳು ಕೆರಿಯಮ್ಮ. “ಗುದ್ದಲಿ ಕನ್ನಮ್ಮಂಗೆ ಕೊಡು. ಬಾ, ತಲೆಗೆ ಸಿಂಬಿ ಇಟ್ಕ.”

ಜಟ್ಟಪ್ಪನಿಗೆ ಕಿವಿ ಮೋಸ ಮಾಡಿದಂತಾಯಿತು. “ನಾನಾ?”

“ಮತ್ಯಾರು? ಈ ಮನೇಲಿ ಇನ್ಯಾರಿದಾರೆ ಹೊರೂಕೆ?” ಇದೂ ಒಂದು ಕೇಳುವ ಮಾತೇ ಎಂಬಂತೆ ಮುದುಕಿ ಆತನ ಮುಖ ನೋಡಿದಳು. “ಸಣ್ಣ ಬುಟ್ಟಿಗೇ ಗಂಡಸು ಇಲ್ದೆ ನಾನು ದಿನೇಶಪ್ಪನ್ನ ಕರ್ಸಿದ್ದು.”

ಮಹಾಲಕ್ಷ್ಮೀ ನಕ್ಕಳು. “ಇವ್ರಿಗೆ ಹೆದ್ರಿಕೆ ಭಾವ. ಪೇಟೆಯವ್ನು, ಪಂಚೆ ಉಡೂಕೂ ಬರೂದಿಲ್ಲ ಅಂತ ನೀವು ನಗ್ತೀರಿ, ಕೊನೇವರೆಗೂ ಹೇಳ್ಬ್ಯಾಡ ಅಂದಿದ್ರು.”

ದಿನೇಶ ಸಣ್ಣ ಬುಟ್ಟಿಯನ್ನು ಎದೆಗವಚಿಕೊಂಡು ನಿಂತಿದ್ದ. ಜಟ್ಟಪ್ಪನಿಗೆ ಆಗ ನೆನಪಾದದ್ದು ಸಂತೋಷಪಡುವ ಸಂಗತಿಯಲ್ಲ. ಹಳ್ಳದ ಗುಂಟ ಕೆಳಗೆ ಹೋಗುವ ದಾರಿ. ಹೇಳಿಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಕೆರಿಯಮ್ಮ, ಕನ್ನಮ್ಮ ಇಬ್ಬರೂ ಸೇರಿ ಬುಟ್ಟಿಯನ್ನು ಎತ್ತಿ ತಲೆಯ ಮೇಲಿಟ್ಟರು. ತೆರೆದ ಬಾಯಿ ಮುಚ್ಚಿಕೊಂಡಿತು.

ದಿನೇಶ ಮುಂದೆ. ಹೆಜ್ಜೆಗೊಮ್ಮೆ ಕಲಿತ ಮಾತು ಹೇಳುತ್ತಾ ಹಚ್ಚಂಬಲಿ ಬೀರುತ್ತಾ ಇಳಿದ. ಜಟ್ಟಪ್ಪ ಅವನ ಬೆನ್ನನ್ನೇ ನೋಡುತ್ತಾ ನಡೆದ. ಬಯಸಿ ಬಯಸಿ ಸಿಕ್ಕಿದ ಬುಟ್ಟಿ ತಲೆಯ ಮೇಲಿದೆ, ಅದರ ಸುಖ ಒಂದು ಚೂರೂ ಇಲ್ಲ. ಮರೆತಿರಲಿ ದೇವರೇ, ಪೇಟೆಯವನಿಗೆ ದಾರಿ ಮರೆತಿರಲಿ ಎಂದು ಬೇಡಿಕೊಂಡ. ದಿನೇಶ ಏನನ್ನೂ ಮರೆತಿರಲಿಲ್ಲ. ಸಂಕದ ಹತ್ತಿರ ಬಂದವನೇ ಎಡಕ್ಕೆ ಹೊರಳಿ ಹಳ್ಳದ ಗುಂಟ ಇಳಿದ.

“ಹೋಯ್, ಅತ್ಲಾಗೆಂತಕ್ಕೆ?” ಕನ್ನಮ್ಮ ಕೂಗಿದಳು. “ಸಂಕ ಇಲ್ಲಿದೆ!”

“ಸಂಕ ಲಡ್ಡಾಗಿದೆ ಅಂತ ಭಾವ ಹೇಳಿದ್ರು” ಅಂದ ದಿನೇಶ. “ಕೇದಗೆ ಹಿಂಡು ಬಳಸಿ ಹೋಗ್ಬೇಕಂತೆ.”

ಸಂಕ ಎಲ್ಲರ ಕಣ್ಣೆದುರೇ ಗಟ್ಟಿಯಾಗಿ ಬಿದ್ದುಕೊಂಡಿತ್ತು. ಕನ್ನಮ್ಮ ಗಂಡನ ಕಡೆ ಒಂದು ನೋಟ ನೋಡಿದಳು. ಇಪ್ಪತ್ತೆರಡು ವರ್ಷ ಒಟ್ಟಿಗೆ ಉಂಡವಳಿಗೆ ಇನ್ನೇನು ಬಿಡಿಸಿ ಹೇಳಬೇಕು? ಜಟ್ಟಪ್ಪ ಕಣ್ಣು ಕೆಳಗೆ ಹಾಕಿದ. ತಲೆ ಬಗ್ಗಿಸುವಂತಿರಲಿಲ್ಲ, ಬುಟ್ಟಿ ಇತ್ತು.

ಕೆರಿಯಮ್ಮ ಸಂಕವನ್ನು ನೋಡಿದಳು, ಅಳಿಯನನ್ನು ನೋಡಿದಳು. ಅರ್ಥವಾಗಲಿಲ್ಲ ಎಂದು ಹೇಳುವ ಮುಖವಲ್ಲ ಅದು. ಆದರೆ ಮುದುಕಿ ಅಂದದ್ದು ಇಷ್ಟೇ: “ಬುಟ್ಟಿ ಹೊತ್ತ ಯಜಮಾನ್ರು ಹೇಳಿದ ಮೇಲೆ ಮುಗೀತು. ಅದೇ ದಾರಿ. ನಡೀರಿ.”

ಹಾಗಂದು ಸೀರೆ ಎತ್ತಿ ಸಿಕ್ಕಿಸಿ, ನೋವಿನ ಕಾಲನ್ನೇ ಮುಂದಿಟ್ಟು ಹಳ್ಳದ ಗುಂಟ ಇಳಿದಳು. ಇದು ಮರ್ಯಾದೆಯೋ, ಶಿಕ್ಷೆಯೋ? ಆಗಲೂ ಜಟ್ಟಪ್ಪನ ಅನುಮಾನ ಬಾಯಿ ಮುಚ್ಚಲಿಲ್ಲ. ಹತ್ತು ಮಾರು ಹೋಗುವಷ್ಟರಲ್ಲಿ ಕೆಸರು ಶುರುವಾಯಿತು. ಕೆರಿಯಮ್ಮನ ಕಾಲು ಮೀನಖಂಡದವರೆಗೆ ಹೂತಿತು. ಎಳೆಯಲು ಹೋಗಿ “ಅಯ್ಯಮ್ಮಾ” ಅಂದಳು. ಮಹಾಲಕ್ಷ್ಮೀ ರಟ್ಟೆ ಹಿಡಿದಳು. ಮುದುಕಿ ಇನ್ನೊಂದು ಕಾಲನ್ನೂ ಎತ್ತಿ ಮುಂದಿಡಲು ಹೊರಟಳು.

“ಅತ್ತೆ, ನಿಂತ್ಕಳಿ.”

ಹೇಳಿದ್ದು ತಾನೇ ಎಂಬುದು ಜಟ್ಟಪ್ಪನಿಗೆ ಹೇಳಿದ ಮೇಲೆ ತಿಳಿಯಿತು. ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದೂ ಬಂತು. “ಸಂಕ ಗಟ್ಟಿ ಇದೆ. ನಾ ಸುಳ್ಳು ಹೇಳಿದ್ದು. ದೊಡ್ಡ ಬುಟ್ಟಿ ದಿನೇಶಂಗೆ ಕೊಡ್ತೀರಿ ಅಂದ್ಕಂಡು, ಅವ್ನು ಕೆಸರಲ್ಲಿ ಬೀಳ್ಲಿ ಅಂತ ಹೇಳಿದ್ದು.”

ದಿನೇಶನ ಕೈ ಹಚ್ಚಂಬಲಿಯಲ್ಲೇ ನಿಂತಿತು. ಮುಖ ಕೆಂಪಾಯಿತು. ಅವನು ಬಯ್ದುಬಿಟ್ಟಿದ್ದರೇ ವಾಸಿಯಿತ್ತು. ನಾಚಿಕೆಯಿಂದ ಜಟ್ಟಪ್ಪನ ಕಣ್ಣು ತುಂಬಿತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈ ಬುಟ್ಟಿಯ ಅಂಚಿನಲ್ಲಿ.

ಕೆರಿಯಮ್ಮ ಕೆಸರಿನಲ್ಲಿ ನಿಂತಲ್ಲಿಂದಲೇ ಹೇಳಿದಳು: “ಬಾಯಿ ಬಿಟ್ಯಲ್ಲ. ಇನ್ನು ತಿರುಗಿ ಹೋಗಿ ಮೊದ್ಲಿಂದ ಹೊತ್ಕಂಡ್ ಬರ್ಬೇಕು. ಹೋಗು.”

ಯಾರು ಹೊರಬೇಕು ಎಂದು ಅವಳು ಹೇಳಲಿಲ್ಲ. ಜೊತೆಗೆ ಯಾರೂ ಹೊರಡಲಿಲ್ಲ.

ಜಟ್ಟಪ್ಪ ಒಬ್ಬನೇ ದಿಬ್ಬ ಹತ್ತಿದ. ಮನೆ ಖಾಲಿ, ಬಾಗಿಲು ಮುಂದೆ ಮಾಡಿತ್ತು. ಬುಟ್ಟಿಯನ್ನು ತುಳಸಿಕಟ್ಟೆಯ ಮುಂದೆ ಇಳಿಸಿ ಸುಮ್ಮನೆ ನಿಂತ. ಈ ಹೊತ್ತಿಗೆ ಅವರು ಸಂಕ ದಾಟಿರುತ್ತಾರೆ ಅನ್ನಿಸಿತು. ದಿನೇಶ ಮುಂದೆ ನಡೆದಿರುತ್ತಾನೆ, ಗದ್ದೆಯಲ್ಲಿ ಪೂಜೆಗೆ ಶುರುಮಾಡಿರುತ್ತಾರೆ. ತಾನು ಹೋದಾಗ ಎದುರಿಗೆ ಸಿಗುವುದು ಬರಿ ಬೆನ್ನುಗಳು. ಸಿಗಲಿ, ತಕ್ಕದ್ದೇ ಆಯಿತು. ಗುದ್ದಲಿಯವನು ಗುದ್ದಲಿಯವನಾಗಿಯೇ ಇರಬೇಕಿತ್ತು. ಹೊಸನಗರದ ಬಸ್ಸು ಎಷ್ಟು ಹೊತ್ತಿಗೆ ಎಂಬುದೂ ಒಮ್ಮೆ ಮನಸ್ಸಿನಲ್ಲಿ ಹಾದುಹೋಯಿತು.

ಎತ್ತಿಕೊಡಲು ಯಾರೂ ಇರಲಿಲ್ಲ. ಆತ ಬಗ್ಗಿ, ಬುಟ್ಟಿಯನ್ನು ಮೊದಲು ಮೊಣಕಾಲಿಗೆ, ಅಲ್ಲಿಂದ ಎದೆಗೆ, ಎದೆಯಿಂದ ತಲೆಗೆ ತಾನೇ ಏರಿಸಿಕೊಂಡ. ಕಡುಬಿನ ಬಿಸಿ ಇನ್ನೂ ಸ್ವಲ್ಪ ಉಳಿದಿತ್ತು. ಬಾಯಿ ಬಿಗಿದು ದಿಬ್ಬ ಇಳಿದ.

ಬಿಸಿಲು ಆಗಲೇ ಹಳ್ಳಕ್ಕೆ ಇಳಿದಿತ್ತು. ಸಂಕದ ಈಚೆ ದಡದಲ್ಲಿ ಎಲ್ಲರೂ ನಿಂತಿದ್ದರು. ಕೆರಿಯಮ್ಮ ಒಂದು ಕಲ್ಲಿಗೆ ಆತು ನಿಂತಿದ್ದಳು, ಹಳ್ಳ ಪಕ್ಕದಲ್ಲೇ ಹರಿಯುತ್ತಿದ್ದರೂ ಕಾಲಿನ ಕೆಸರು ತೊಳೆದುಕೊಂಡಿರಲಿಲ್ಲ. ಕನ್ನಮ್ಮನ ಹೆಗಲ ಮೇಲೆ ಗುದ್ದಲಿ. ಯಾರೊಬ್ಬರೂ ಸಂಕಕ್ಕೆ ಕಾಲಿಟ್ಟಿರಲಿಲ್ಲ. ಜಟ್ಟಪ್ಪ ಬಂದು ಹಿಂದೆ ನಿಂತದ್ದು ನೋಡಿ, ದಿನೇಶ ಪಂಚೆ ಎತ್ತಿ ಕಟ್ಟಿಕೊಂಡು, ಹಚ್ಚಂಬಲಿಯ ಒಂದು ಹಿಡಿ ಬೀರಿ, ಸಂಕದ ಮೇಲೆ ಹೆಜ್ಜೆಯಿಟ್ಟ.